ಡೈವಿಂಗ್ ಹಾರ್ನೆಸ್: ಯಾವ ಪಟ್ಟಿ, ಯಾವ ಬಕಲ್?

ಸ್ಕೂಬಾ ಕಲಿತು ಒಂದೆರಡು ಸೀಸನ್ ಬಾಡಿಗೆ ಜಾಕೆಟ್ ಹಾಕಿಕೊಂಡು ಇಳಿದ ಮೇಲೆ ಸ್ವಂತದ್ದೊಂದು ಬೇಕು ಅನ್ನಿಸುವುದು ಸಹಜ. ಇಲ್ಲಿ ಹೇಳುತ್ತಿರುವುದು ಜಾಕೆಟ್ ಬದಲು ಬಳಸುವ ಹಾರ್ನೆಸ್ ಬಗ್ಗೆ: ಬೆನ್ನಿಗೆ ಬ್ಯಾಕ್‌ಪ್ಲೇಟ್ ಅನ್ನುವ ಲೋಹದ ಹಲಗೆ, ಅದಕ್ಕೆ ವಿಂಗ್ ಅನ್ನುವ ಗಾಳಿ ಚೀಲ ಮತ್ತು ಸಿಲಿಂಡರ್, ಇಷ್ಟನ್ನೂ ಮೈಗೆ ಕಟ್ಟುವ ಪಟ್ಟಿಗಳೇ ಹಾರ್ನೆಸ್. ಬ್ಯಾಕ್‌ಪ್ಲೇಟ್ ಸ್ಟೀಲಿನದಾ ಅಲ್ಯೂಮಿನಿಯಂನದಾ, ವಿಂಗ್ ಎಷ್ಟು ದೊಡ್ಡದಿರಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಪಟ್ಟಿ, ಬಕಲ್ ವಿಷಯ ಬಂದಾಗ ಮಾತ್ರ "ಯಾವುದೋ ಒಂದು" ಅಂದುಬಿಡುತ್ತಾರೆ. ಮೊದಲ ಟ್ರಿಪ್ ಮುಗಿಸಿ ಬಂದ ಮೇಲೆ ದೂರು ಶುರು. ಪಟ್ಟಿ ಜಾರುತ್ತೆ. ಭುಜ ತರಚಿದೆ. ಬಕಲ್ ತುಕ್ಕು ಹಿಡಿದಿದೆ. ಬೋಟ್ ಪಕ್ಕ ಬಿಚ್ಚೋಕೇ ಆಗ್ಲಿಲ್ಲ.

ಈ ಕೊನೆಯದು ನನ್ನದೇ ಕಥೆ. ಮೊದಲ ಹಾರ್ನೆಸ್ಸನ್ನು ಮನೆಯಲ್ಲಿ ಕನ್ನಡಿ ಮುಂದೆ ನಿಂತು, ಬನಿಯನ್ ಮೇಲೆ ಹಾಕಿಕೊಂಡು ಅಳತೆ ಮಾಡಿದ್ದೆ. ಮೈಗೆ ಅಂಟಿದ ಹಾಗೆ ಬಿಗಿ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ, ಡೈವ್ ಮುಗಿಸಿ ಮೇಲೆ ಬಂದಾಗ ಅಲೆ ಎದ್ದಿತ್ತು. ಬೋಟಿನ ಹುಡುಗ ಅಂಚಿಗೆ ಬಗ್ಗಿ, "ಸಿಲಿಂಡರ್ ಬಿಚ್ಚಿ ಕೊಡಿ ಸರ್" ಅಂದ. ಸೊಂಟದ ಬಕಲ್ ಬಿಚ್ಚಿದೆ. ಎಡ ಮೊಣಕೈ ಮಾತ್ರ ಪಟ್ಟಿಯೊಳಗಿಂದ ಹೊರಗೆ ಬರಲೇ ಇಲ್ಲ. ಬೋಟು ಮೇಲೇಳುವಾಗ ನಾನು ಕೆಳಗೆ. ಬೋಟು ಕೆಳಗಿಳಿಯುವಾಗ ಅದರ ಅಂಚು ನನ್ನ ತಲೆಗೆ ಒಂದು ಗೇಣು ದೂರ. ಕೊನೆಗೆ ಅವನೇ ಕೈ ಹಾಕಿ ಪಟ್ಟಿಯನ್ನು ಭುಜದಿಂದ ಜಾರಿಸಿದ. ನೀರೊಳಗೆ ಮುಕ್ಕಾಲು ಗಂಟೆ ಆ ಹಾರ್ನೆಸ್ ಬಗ್ಗೆ ಒಂದು ದೂರೂ ಇರಲಿಲ್ಲ. ಬಿಚ್ಚುವ ಎರಡು ನಿಮಿಷದಲ್ಲಿ ಕೈ ಕೊಟ್ಟಿತು.

ಅಂದಿನಿಂದ ನಾನು ಹಾರ್ನೆಸ್ ನೋಡುವ ರೀತಿಯೇ ಉಲ್ಟಾ ಆಗಿದೆ. ಹಾಕಿಕೊಳ್ಳುವುದನ್ನಲ್ಲ, ಬಿಚ್ಚುವುದನ್ನು ಮೊದಲು ಯೋಚಿಸುತ್ತೇನೆ.

ಮೊದಲು ಅಳತೆಗೋಲು

ಒಂದನೆಯ ಪ್ರಶ್ನೆ ಅದೇ: ನೀವು ನೀರಿನಿಂದ ಹೊರಗೆ ಬರುವುದು ಹೇಗೆ? ಗಟ್ಟಿ ಏಣಿ ಇರುವ ದೊಡ್ಡ ಬೋಟಿನಲ್ಲಿ ಸಿಲಿಂಡರ್ ಹೊತ್ತುಕೊಂಡೇ ಹತ್ತುತ್ತೀರಾ? ದಡದಿಂದ ನಡೆದು ಬರುತ್ತೀರಾ? ಸಣ್ಣ ಬೋಟಿನ ಪಕ್ಕ ನೀರಿನಲ್ಲೇ ಎಲ್ಲ ಬಿಚ್ಚಿ ಮೇಲೆ ಕೊಡಬೇಕಾ?

ಎರಡನೆಯದು, ಒಂದೇ ಹಾರ್ನೆಸ್ಸನ್ನು ಎಷ್ಟು ಥರ ಬಳಸುತ್ತೀರಿ. ಒಬ್ಬರೇ, ಒಂದೇ ಸೂಟ್ (ನೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರ್ ಉಡುಪು) ಅಂದರೆ ಒಮ್ಮೆ ಹೊಂದಿಸಿದರೆ ಮುಗಿಯಿತು. ಗಂಡ ಹೆಂಡತಿ ಇಬ್ಬರೂ ಹಾಕುವುದಾದರೆ, ಅಥವಾ ಇಲ್ಲಿ 3 ಮಿಲಿಮೀಟರ್ ದಪ್ಪದ ಸೂಟು, ಹೊರದೇಶದ ತಣ್ಣೀರಿನಲ್ಲಿ 7 ಮಿಲಿಮೀಟರ್ ಅಂತಾದರೆ ಲೆಕ್ಕವೇ ಬೇರೆ.

ಮೂರನೆಯದು, ಪಟ್ಟಿಗೂ ಬಕಲ್‌ಗೂ ಜೋಡಿ ಕೂಡುತ್ತದಾ ಅನ್ನುವುದು. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ನಾಲ್ಕನೆಯದು ಉಪ್ಪು. ಐದನೆಯದು, ಮುರಿದರೆ ಎಲ್ಲಿ ಸಿಗುತ್ತದೆ.

"ಎಷ್ಟು ಕೆಜಿ ತಡೆಯುತ್ತೆ?" ಅನ್ನುವುದನ್ನು ನಾನು ಇದರಲ್ಲಿ ಸೇರಿಸಿಲ್ಲ, ಬೇಕೆಂದೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಸಿಲಿಂಡರ್ ಖಾಲಿ ಇದ್ದಾಗ ಸುಮಾರು 14 ಕೆಜಿ. ಒಳಗೆ ತುಂಬಿದ ಗಾಳಿ ಎರಡೂವರೆ ಕೆಜಿ. ಪ್ಲೇಟು, ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ) ಎಲ್ಲ ಸೇರಿದರೆ 20 ಕೆಜಿ ದಾಟುತ್ತದೆ, ಅಷ್ಟೇ. ಒಳ್ಳೆಯ 50 ಮಿಲಿಮೀಟರ್ ನೈಲಾನ್ ಪಟ್ಟಿ ಒಂದು ಟನ್ನಿಗೂ ಜಾಸ್ತಿ ಎಳೆತ ತಡೆಯುತ್ತದೆ. ಹಾರ್ನೆಸ್ ಪಟ್ಟಿ ಭಾರಕ್ಕೆ ಹರಿದು ಬಿದ್ದಿದ್ದನ್ನು ನಾನು ಕಂಡಿಲ್ಲ. ಜಾರಿದ್ದು, ಸವೆದಿದ್ದು, ಸಿಕ್ಕಿಹಾಕಿಕೊಂಡಿದ್ದು ಮಾತ್ರ ಬೇಕಾದಷ್ಟು ಕಂಡಿದ್ದೇನೆ.

ಪಟ್ಟಿ: ನೈಲಾನ್, ಪಾಲಿಯೆಸ್ಟರ್, ಇನ್ನೊಂದು ಮೋಸದ್ದು

ಡೈವಿಂಗ್ ಹಾರ್ನೆಸ್ ಅಂದರೆ 2 ಇಂಚು, ಅಂದರೆ 50 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿ. ಇದು ಹೆಚ್ಚುಕಮ್ಮಿ ಎಲ್ಲ ಕಂಪನಿಯವರೂ ಒಪ್ಪಿಕೊಂಡ ಅಳತೆ. ಪ್ಲೇಟಿನ ಸೀಳು, ಡಿ-ರಿಂಗು (ಸಾಮಾನು ಕೊಕ್ಕೆ ಹಾಕುವ ಡಿ ಆಕಾರದ ಬಳೆ), ಟ್ರೈಗ್ಲೈಡು (ಪಟ್ಟಿ ತೂರಿಸಿ ಜಾರದಂತೆ ಹಿಡಿಸುವ ಸೀಳುಗಳ ಬಿಲ್ಲೆ) ಎಲ್ಲವೂ ಇದಕ್ಕೇ ಮಾಡಿದವು. ನೈಲಾನ್ ಸವೆತ ಚೆನ್ನಾಗಿ ತಡೆಯುತ್ತದೆ. ಎರಡು ದೋಷ ಇವೆ. ನೀರು ಕುಡಿಯುತ್ತದೆ, ಕುಡಿದಾಗ ಸ್ವಲ್ಪ ಉದ್ದವಾಗುತ್ತದೆ, ಮೆತ್ತಗಾಗುತ್ತದೆ. ಹಾಗಾಗಿ ಮನೆಯಲ್ಲಿ ಒಣಗಿದ ಪಟ್ಟಿಯಲ್ಲಿ ಮಾಡಿದ ಅಳತೆ ಸಮುದ್ರದಲ್ಲಿ ಒಂಚೂರು ಸಡಿಲ ಅನ್ನಿಸುತ್ತದೆ. ಇನ್ನೊಂದು ಬಿಸಿಲು. ಬೋಟಿನ ಮೇಲೆ ದಿನಗಟ್ಟಲೆ ಬಿಸಿಲಿಗೆ ಬಿದ್ದ ನೈಲಾನ್ ಬಣ್ಣ ಬಿಟ್ಟು, ಮೇಲ್ಮೈ ಎಳೆ ಎದ್ದು, ಹಳೇ ಪೊರಕೆಯಂತೆ ಒರಟಾಗುತ್ತದೆ.

ಪಾಲಿಯೆಸ್ಟರ್ ಈ ಎರಡರಲ್ಲೂ ಮೇಲು. ನೀರು ಕುಡಿಯುವುದಿಲ್ಲ ಅಂದರೂ ಸರಿ, ಹಿಗ್ಗುವುದು ಕಮ್ಮಿ, ಬಿಸಿಲು ತಾಳುತ್ತದೆ. ಹಾಗಿದ್ದರೆ ಎಲ್ಲರೂ ಅದನ್ನೇ ಯಾಕೆ ಬಳಸುವುದಿಲ್ಲ? ಡೈವಿಂಗಿಗೆ ಬೇಕಾದ ದಪ್ಪ, ಗಡಸು ನೇಯ್ಗೆಯಲ್ಲಿ ಪಾಲಿಯೆಸ್ಟರ್ ಪಟ್ಟಿ ಸುಲಭವಾಗಿ ಸಿಗುವುದಿಲ್ಲ. ಸಿಗುವುದೆಲ್ಲ ತೆಳ್ಳಗೆ, ನುಣ್ಣಗೆ. ಕಾರಿನ ಸೀಟ್ ಬೆಲ್ಟ್ ಪಾಲಿಯೆಸ್ಟರ್‌ದೇ. "ಗುಜರಿಯಲ್ಲಿ ಸೀಟ್ ಬೆಲ್ಟ್ ಸಿಗುತ್ತಲ್ಲ, ಅದನ್ನೇ ಹಾಕಿದರೆ?" ಅಂತ ಕೇಳುವವರಿದ್ದಾರೆ. ಬೇಡ. ಅದು 50 ಮಿಲಿಮೀಟರಿಗಿಂತ ತುಸು ಕಿರಿದು, ತೆಳ್ಳಗೆ. ಟ್ರೈಗ್ಲೈಡಿನಲ್ಲಿ ಬೆಣ್ಣೆಯ ಹಾಗೆ ಜಾರುತ್ತದೆ. ಜೀವ ಉಳಿಸುವ ಪಟ್ಟಿ ಹೌದು, ಆದರೆ ಅದರ ಕೆಲಸ ಬೇರೆ.

ಮೋಸದ್ದು ಅಂದರೆ ಪಾಲಿಪ್ರೊಪಿಲೀನ್. ಬ್ಯಾಗ್ ಹೊಲಿಯುವ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಅಗ್ಗವಾಗಿ ಸಿಗುತ್ತದೆ. ಕಣ್ಣಿಗೆ ನೈಲಾನ್ ಥರವೇ. ಕೇಳಿದರೆ "ನೈಲಾನೇ ಸರ್" ಅನ್ನುತ್ತಾರೆ. ಅವರಿಗೆ ಹೊಳೆಯುವ ಪಟ್ಟಿಯೆಲ್ಲ ನೈಲಾನೇ. ಇದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ತಿಕ್ಕಾಟ ತಾಳುವುದಿಲ್ಲ. ಕಂಡುಹಿಡಿಯುವುದು ಸುಲಭ. ಒಂದು ಗೇಣು ತುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಎಳೆಗಳ ನಡುವಿನ ಗಾಳಿಯೆಲ್ಲ ಹೋಗುವ ತನಕ ಚೆನ್ನಾಗಿ ಹಿಂಡಿ, ಬಿಡಿ. ನೈಲಾನ್, ಪಾಲಿಯೆಸ್ಟರ್ ಎರಡೂ ತಳಕ್ಕೆ ಹೋಗುತ್ತವೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಹಿಂಡದೆ ಸುಮ್ನೆ ಹಾಕಿದರೆ ಗಾಳಿಯಿಂದಾಗಿ ನೈಲಾನೂ ತೇಲಿ ನಿಮ್ಮನ್ನು ದಾರಿ ತಪ್ಪಿಸಬಹುದು.

ಗಡಸಾ, ಮೆತ್ತಗಾ?

ನೈಲಾನ್ ಅಂತ ತೀರ್ಮಾನ ಆದ ಮೇಲೂ ನಿಜವಾದ ಆಯ್ಕೆ ಉಳಿದೇ ಇರುತ್ತದೆ. ನವಾರು ಮಂಚದ ಪಟ್ಟಿಯಂತೆ ಮಡಚಿದ ಕಡೆ ಮಡಚಿ ಕೂರುವ ಮೆತ್ತನೆಯದೂ ಇದೆ. ಒಂದು ತುದಿ ಹಿಡಿದರೆ ಮೊಳದುದ್ದ ನೆಟ್ಟಗೆ ನಿಲ್ಲುವ ಗಡಸಿನದೂ ಇದೆ. ಗಡಸಿನದು ಎರಡೂವರೆ ಮಿಲಿಮೀಟರ್ ಹತ್ತಿರ ದಪ್ಪ ಇರುತ್ತದೆ.

ಡೈವರ್‌ಗಳ ಬಾಯಲ್ಲಿ ಗಡಸಿಗೇ ಮರ್ಯಾದೆ ಜಾಸ್ತಿ. ಕಾರಣವೂ ಇದೆ. ಭುಜದ ಪಟ್ಟಿ ಕಮಾನಿನಂತೆ ಎದ್ದು ನಿಲ್ಲುತ್ತದೆ, ಕೈ ತೂರಿಸಲು ಹುಡುಕಬೇಕಾಗಿಲ್ಲ. ಟ್ರೈಗ್ಲೈಡ್ ಇಟ್ಟ ಕಡೆಯೇ ಇರುತ್ತದೆ. ಸೊಂಟದ ಪಟ್ಟಿಯ ತುದಿ ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತದೆ.

ಆದರೆ ಈ ಇಡೀ ಪದ್ಧತಿ ಹುಟ್ಟಿದ್ದು ಎಲ್ಲಿ ಅಂತ ನೆನಪಿಡಬೇಕು. ಒಂದೇ ಉದ್ದನೆಯ ಪಟ್ಟಿಯ, ಭುಜಕ್ಕೆ ಬಕಲ್ಲೇ ಇಲ್ಲದ ಈ ಹಾರ್ನೆಸ್ಸಿಗೆ ಹೊಗಾರ್ಥಿಯನ್ ಅಂತ ಹೆಸರು. ಅಮೆರಿಕದ ಫ್ಲೋರಿಡಾದ ಗುಹೆ ಡೈವರ್ ವಿಲಿಯಂ ಹೊಗಾರ್ತ್ ಮೇನ್ ಅವರಿಂದ ಬಂದ ಹೆಸರು. ಅಲ್ಲಿನ ಬುಗ್ಗೆಗಳಲ್ಲಿ ನೀರು ಸಿಹಿ, ವರ್ಷವಿಡೀ ಸುಮಾರು 20ರಿಂದ 22 ಡಿಗ್ರಿ. ದಪ್ಪ ಸೂಟ್ ಹಾಕಿಕೊಂಡೇ ಇಳಿಯಬೇಕು. ಆ ಸೂಟಿನ ಮೇಲೆ ಎಂಥ ಗಡಸು ಪಟ್ಟಿಯೂ ಚುಚ್ಚುವುದಿಲ್ಲ. ಅಲೆಯಲ್ಲಿ ಕುಣಿಯುವ ಬೋಟೂ ಇಲ್ಲ. ಗುಹೆಯೊಳಗೆ ಮುರಿಯುವ, ಸಿಕ್ಕಿಕೊಳ್ಳುವ ಭಾಗ ಒಂದು ಕಮ್ಮಿ ಇದ್ದಷ್ಟೂ ಒಳ್ಳೆಯದು. ಅಲ್ಲಿಗೆ ಅದು ಸರಿಯಾದ ಉತ್ತರ.

ನಮ್ಮದು ಉಪ್ಪು ನೀರು, 28 ಡಿಗ್ರಿ ಆಸುಪಾಸು. ಎಷ್ಟೋ ಜನ ತೆಳು ಬಟ್ಟೆಯ ರ್‍ಯಾಶ್‌ಗಾರ್ಡ್ ಒಂದನ್ನೇ ಹಾಕಿಕೊಂಡು ಇಳಿಯುತ್ತಾರೆ. ಹೊಸ ಗಡಸು ಪಟ್ಟಿಯ ಅಂಚು ಕತ್ತಿನ ಬುಡದಲ್ಲಿ, ಕಂಕುಳ ಹತ್ತಿರ ಮೂರನೆಯ ಡೈವಿಗೆ ಗೀರು ಎಳೆದಿರುತ್ತದೆ. ಅದರ ಮೇಲೆ ಉಪ್ಪು ನೀರು. ಉರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ನನ್ನ ಸಲಹೆ: 3 ಮಿಲಿಮೀಟರ್ ಸೂಟ್ ಹಾಕುವವರು ಗಡಸು ತಗೊಳ್ಳಿ. ರ್‍ಯಾಶ್‌ಗಾರ್ಡ್ ಮಾತ್ರ ಅನ್ನುವವರು ಮಧ್ಯಮ ಗಡಸಿನದು ತಗೊಳ್ಳಿ, ಅಥವಾ ಗಡಸಿನದಕ್ಕೇ ಭುಜದಲ್ಲಿ ತೆಳು ನಿಯೋಪ್ರೀನ್ (ಡೈವಿಂಗ್ ಸೂಟಿನ ರಬ್ಬರ್) ತೋಳು ಹಾಕಿ. ದಪ್ಪ ಸ್ಪಂಜಿನ ಪ್ಯಾಡ್ ಬೇಡ. ಅದು ತೇಲುತ್ತದೆ, ಅದನ್ನು ಮುಳುಗಿಸಲು ನೀವು ಸೀಸ ಹೊರಬೇಕು. ಪೂರ್ತಿ ಮೆತ್ತನೆಯ ಪಟ್ಟಿ ಕಚ್ಚೆಗೆ ಮಾತ್ರ ಸರಿ. ಕಾಲ ಸಂದಿಯಿಂದ ಹಾದು ಬಂದು ಸೊಂಟದ ಪಟ್ಟಿಯನ್ನು ಹಿಡಿಯುವ ಈ ಕಚ್ಚೆ ಪಟ್ಟಿಗೆ ಗಡಸು ತೋರಿಸಬಾರದು. 50 ಮಿಲಿಮೀಟರ್ ಅಗಲವೇ ಬೇಕೆಂದಿಲ್ಲ, 38 ಅಥವಾ 25 ಕೂಡ ಸಾಕು. ಶಾರ್ಟ್ಸ್ ಹಾಕುವವರಿಗೆ ಅದೇ ಹಿತ.

ಭುಜಕ್ಕೆ ಬಕಲ್ ಬೇಕಾ, ಬೇಡ್ವಾ?

ಜಾಸ್ತಿ ಜಗಳ ನಡೆಯುವುದು ಇಲ್ಲಿ.

ಬಕಲ್ ಇಲ್ಲದ ಒಂದೇ ಪಟ್ಟಿಯ ಹಾರ್ನೆಸ್: ಅಗ್ಗ, ಸರಳ. ಸುಮಾರು 3.6 ಮೀಟರ್ ಪಟ್ಟಿ, ಐದಾರು ಟ್ರೈಗ್ಲೈಡ್, ಮೂರು ಡಿ-ರಿಂಗ್, ಸೊಂಟಕ್ಕೊಂದು ಬಕಲ್. ಹಾಳಾಗಲು ಏನೂ ಇಲ್ಲ. ಹತ್ತು ವರ್ಷ ಆದ ಮೇಲೆ ಪಟ್ಟಿ ಬದಲಿಸಿದರೆ ಮತ್ತೆ ಹೊಸದು. ಜಿಯುಇಯಂಥ (ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್) ಡೈವಿಂಗ್ ತರಬೇತಿ ಸಂಸ್ಥೆಯ ಕೋರ್ಸಿಗೆ ಹೋಗುವವರಿಗೆ ಆಯ್ಕೆಯೇ ಇಲ್ಲ, ಇದೇ ಬೇಕು. ದಡದಿಂದ ಅಥವಾ ಒಳ್ಳೆಯ ಏಣಿ ಇರುವ ಬೋಟಿನಿಂದ ಇಳಿಯುವವರಿಗೂ ಇದರಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ನೀರಿನಲ್ಲಿ ಬಿಚ್ಚುವವರಿಗೆ. ಹಾಗಂತ ಬಿಚ್ಚಲು ಆಗುವುದೇ ಇಲ್ಲ ಅಂತಲ್ಲ. ನನ್ನ ತಪ್ಪು ಬಿಗಿತದಲ್ಲಿತ್ತು. ಸೂಟ್ ಹಾಕಿಕೊಂಡು, ಡಿ-ರಿಂಗ್ ಇರುವ ಜಾಗದಲ್ಲಿ ಪಟ್ಟಿಯಡಿ ಮುಷ್ಟಿ ತೂರುವಷ್ಟು ಸಡಿಲ ಇರಬೇಕು. ಬಿಚ್ಚುವಾಗ ವಿಂಗಿಗೆ ಗಾಳಿ ತುಂಬಿ, ಸೊಂಟದ ಬಕಲ್ ಬಿಚ್ಚಿ, ಮೊದಲು ಎಡಗೈ. ಬಾಯಲ್ಲಿರುವ ರೆಗ್ಯುಲೇಟರ್ ಬರುವುದು ಬಲ ಭುಜದ ಮೇಲಿಂದ. ಎಡಗೈ ಮೊದಲು ತೆಗೆದರೆ ಉಸಿರಾಡುತ್ತಲೇ ಮುಂದಿನದು ಮಾಡಬಹುದು.

ಎರಡೂ ಭುಜಕ್ಕೆ ಪ್ಲಾಸ್ಟಿಕ್ ಬಕಲ್: ಶಾಲಾ ಬ್ಯಾಗಿನಲ್ಲಿ ಇರುತ್ತದಲ್ಲ, ಎರಡು ಪಕ್ಕ ಒತ್ತಿದರೆ ಟಕ್ ಅಂತ ಬಿಚ್ಚಿಕೊಳ್ಳುವುದು, ಅದರ ದೊಡ್ಡಣ್ಣ. ಭುಜ ನೋವಿರುವವರಿಗೆ, ಹಿಂದಕ್ಕೆ ಕೈ ತಿರುಗದವರಿಗೆ ಇದು ವರದಾನ. ಯಾರಿಗಾದರೂ ಪ್ರಜ್ಞೆ ತಪ್ಪಿದರೆ ಎತ್ತುವವರಿಗೂ ಸುಲಭ. ಬಕಲ್ ಇಲ್ಲದ ಹಾರ್ನೆಸ್ಸಾದರೆ ಕತ್ತರಿಯಿಂದ ಪಟ್ಟಿ ಕತ್ತರಿಸಬೇಕಾಗಬಹುದು. ಅದಕ್ಕೇ ನಿಮ್ಮದು ಅಂಥದ್ದಾದರೆ ಇಳಿಯುವ ಮುಂಚೆ ಜೊತೆಗಾರರಿಗೆ "ಭುಜದಲ್ಲಿ ಬಕಲ್ ಇಲ್ಲ, ಸೊಂಟದ್ದು ಮಾತ್ರ" ಅಂತ ತೋರಿಸಿಬಿಡಿ.

ಕೆಟ್ಟದ್ದೇನು? ಇದು ಮುರಿಯುವುದು ನೀರಿನಲ್ಲಲ್ಲ, ಬೋಟಿನ ಹಲಗೆಯ ಮೇಲೆ. ಯಾರೋ ಕಾಲಿಡುತ್ತಾರೆ, ಸಿಲಿಂಡರ್ ಉರುಳಿ ಬೀಳುತ್ತದೆ, ಒಂದು ಕಡ್ಡಿ ಚಟ್ ಅನ್ನುತ್ತದೆ. ಮರಳು ಹೊಕ್ಕರೆ ಪೂರ್ತಿ ಕೂರದೆ ಕೂತ ಹಾಗೆ ನಟಿಸುತ್ತದೆ. ಟಕ್ ಸದ್ದು ಕೇಳಿದ ಮೇಲೂ ಒಮ್ಮೆ ಎಳೆದು ನೋಡಬೇಕು. ಕೊಳ್ಳುವಾಗ ಅಸಿಟಾಲ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದು ಸಿಕ್ಕರೆ ಅದನ್ನೇ ತಗೊಳ್ಳಿ. ನೀರು ಹೀರುವುದು ತೀರ ಕಮ್ಮಿ, ಆಕಾರ ಕೆಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಒಂದು ಕಂಪನಿಯ ಗಂಡು ತುಂಡು ಇನ್ನೊಂದು ಕಂಪನಿಯ ಹೆಣ್ಣು ತುಂಡಿಗೆ ಸಾಮಾನ್ಯವಾಗಿ ಕೂರುವುದಿಲ್ಲ, ಅಗಲ ಒಂದೇ ಇದ್ದರೂ. ಹಾಗಾಗಿ ಎಂದೂ ಒಂದು ಜೊತೆ ಜಾಸ್ತಿ ಕೊಂಡು ಡಬ್ಬಿಯಲ್ಲಿ ಇಟ್ಟಿರಿ.

ಎಡ ಭುಜಕ್ಕೆ ಮಾತ್ರ ಒಂದು ಬಕಲ್: ಇದು ಅಂಗಡಿಯವರು ಹೇಳದ ದಾರಿ. ನಾನು ಕೊನೆಗೆ ಬಂದು ನಿಂತಿದ್ದು ಇಲ್ಲೇ. ಮೊದಲು ಬರುವುದು ಎಡಗೈ ತಾನೇ? ಅದೊಂದು ಬಿಡುಗಡೆಯಾದರೆ ಬಲಗೈ ತಾನಾಗಿ ಜಾರಿ ಬರುತ್ತದೆ. ಮುರಿಯುವ ಭಾಗ ಎರಡರ ಬದಲು ಒಂದು. ಶುದ್ಧ ಸಂಪ್ರದಾಯದವರು ನೋಡಿ ಮೂಗು ಮುರಿಯುತ್ತಾರೆ, ಮುರಿಯಲಿ. ಒಂದು ತೊಡಕು ಇದೆ. ಕುಳ್ಳಗಿನವರಿಗೆ, ಸಣ್ಣ ಮೈಯವರಿಗೆ ಭುಜದ ಪಟ್ಟಿಯಲ್ಲಿ ಡಿ-ರಿಂಗು, ಟ್ರೈಗ್ಲೈಡು, ಬಕಲ್ ಮೂರಕ್ಕೂ ಜಾಗ ಸಾಲುವುದಿಲ್ಲ. ಅಂಥವರು ಮೊದಲು ಕಾಗದದ ತುಂಡು ಅಂಟಿಸಿ ಜಾಗ ಅಳೆದು ನೋಡಿ.

ಎಳೆದರೆ ಬಿಗಿಯಾಗುವ, ಎತ್ತಿದರೆ ಸಡಿಲವಾಗುವ ಹಾರ್ನೆಸ್‌ಗಳೂ ಇವೆ. ಹಾಲ್ಸಿಯಾನ್ ಕಂಪನಿಯವರ ಸಿಂಚ್ ಅಂಥದ್ದೇ. ಪಟ್ಟಿ ಒಂದೇ, ಆದರೆ ಪ್ಲೇಟಿನ ಹಿಂದೆ ಜಾರುತ್ತದೆ. ಸೊಂಟದ ಪಟ್ಟಿ ಎಳೆದರೆ ಭುಜ ಬಿಗಿಯಾಗುತ್ತದೆ. ಬಿಚ್ಚುವಾಗ ಭುಜ ಸಡಿಲ ಮಾಡಿಕೊಂಡು ಹೊರಬರಬಹುದು. ಹಣ ಇದ್ದವರಿಗೆ, ಒಂದೇ ಹಾರ್ನೆಸ್ಸನ್ನು ಇಬ್ಬರು ಹಾಕುವವರಿಗೆ, ಸೂಟ್ ಬದಲಿಸುವವರಿಗೆ ಇದು ಚೆನ್ನ.

ಸೊಂಟದ ಬಕಲ್

ಇಲ್ಲಿ ನನಗೆ ಅನುಮಾನವೇ ಇಲ್ಲ, ಸ್ಟೀಲೇ ಸರಿ. ಮುಳುಗಲು ಸೀಸ ಪೋಣಿಸಿ ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟಿನಲ್ಲಿ ಇರುವಂಥದ್ದೇ, ಬಾಗಿಲು ಮಡಚಿದ ಹಾಗೆ ಮಡಚುವ ಬಕಲ್. ಒಂದೇ ಕೈಯಲ್ಲಿ ಬಿಚ್ಚಬಹುದು, ಕಾಲಿಟ್ಟರೂ ಮುರಿಯುವುದಿಲ್ಲ. ಪ್ಲಾಸ್ಟಿಕ್‌ನದು ಅಗ್ಗ, ಹಗುರ, ತುಕ್ಕು ಇಲ್ಲ. ಈಜುಕೊಳದಲ್ಲಿ ಕಲಿಸುವವರಿಗೆ ಸಾಕು.

ಮುಂಚೆ ಹೇಳಿದ ಜೋಡಿಯ ಮಾತು ಬರುವುದು ಇಲ್ಲೇ. ಪಟ್ಟಿ ತೆಳ್ಳಗಿದ್ದರೆ ಬಕಲಿನ ಹಲ್ಲು ಕಚ್ಚುವುದಿಲ್ಲ, ಡೈವ್ ಮಧ್ಯದಲ್ಲಿ ಇಂಚಿಂಚು ಸಡಿಲವಾಗುತ್ತಾ ಹೋಗುತ್ತದೆ. ಪಟ್ಟಿ ದಪ್ಪ ಇದ್ದರೆ ಬಾಯಿ ಮುಚ್ಚುವುದಿಲ್ಲ, ಮುಚ್ಚಿದರೆ ಹೆಬ್ಬೆರಳಿನ ಉಗುರು ಹಾರುವ ತನಕ ತೆರೆಯುವುದಿಲ್ಲ. ಆದ್ದರಿಂದ ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಬಕಲ್ ಅಂತ ಬೇರೆ ಬೇರೆ ತರಿಸಬೇಡಿ. ತರಿಸಿದರೆ ಪಟ್ಟಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬಕಲ್ ಹಾಕಿ, ಎರಡೂ ಕೈಯಲ್ಲಿ ಜಗ್ಗಿ ನೋಡಿ. ಒಣಗಿದಾಗ ನಿಂತಿದ್ದು ಒದ್ದೆಯಾದಾಗ ಜಾರಬಹುದು.

ಬಕಲ್ ಹೊಕ್ಕುಳ ಮೇಲೆ ನೇರ ಬರಬಾರದು, ತುಸು ಬಲಕ್ಕೆ ಇರಲಿ. ನಡುವಿನಲ್ಲಿ ಕಚ್ಚೆ ಪಟ್ಟಿಯ ಕುಣಿಕೆ ಬರುತ್ತದೆ. ಅದು ಸರಿದಾಡಿ ಬಕಲ್ ಎತ್ತಿಬಿಡಬಹುದು. ಇನ್ನೊಂದು ಮುಖ್ಯ ವಿಷಯ. ನಮ್ಮಲ್ಲಿ ಸೀಸ ಕೊಡುವುದು ಬಹುಪಾಲು ತೂಕದ ಬೆಲ್ಟಿನಲ್ಲಿ. ಅದಕ್ಕೂ ಇಂಥದ್ದೇ ಬಕಲ್ ಇದ್ದರೆ ಗಾಬರಿಯಲ್ಲಿ ಯಾವುದು ಬಿಚ್ಚುತ್ತಿದ್ದೀರಿ ಅಂತ ಕೈಗೆ ಗೊತ್ತಾಗುವುದಿಲ್ಲ. ತೂಕದ ಬೆಲ್ಟಿಗೆ ಪ್ಲಾಸ್ಟಿಕ್, ಹಾರ್ನೆಸ್ಸಿಗೆ ಸ್ಟೀಲ್ ಅಂತ ಇಟ್ಟುಕೊಂಡರೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ತೂಕದ ಬೆಲ್ಟು ಕಚ್ಚೆ ಪಟ್ಟಿಯ ಹೊರಗೆ ಬರಲಿ. ಒಳಗಿದ್ದರೆ ಬಿಚ್ಚಿದರೂ ಬೀಳದೆ ಕಾಲ ಸಂದಿಯಲ್ಲಿ ನೇತಾಡುತ್ತದೆ.

304, 316 ಮತ್ತು ನನ್ನ ಚಹಾ ಬಣ್ಣದ ಡಿ-ರಿಂಗು

ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂತ ನಂಬಿದ್ದ ಕಾಲವೂ ಇತ್ತು. ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಡಿ-ರಿಂಗು ಕೊಂಡೆ. ಮಿಂಚುತ್ತಿತ್ತು, ಬೆಲೆ ಕಾಲು ಭಾಗ. ಮೂರನೆಯ ಡೈವ್ ಮುಗಿಸಿ ಬಂದು ರಾತ್ರಿ ಒಣಗಲು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ವೆಲ್ಡ್ ಮಾಡಿದ ಜಾಗದಲ್ಲಿ ಚಹಾ ಚೆಲ್ಲಿದಂಥ ಕಲೆ. ಬಿಳಿ ಟವೆಲಿಗೂ ಹತ್ತಿತ್ತು. ತಿಕ್ಕಿದರೆ ಹೋಗುತ್ತಿತ್ತು, ಮುಂದಿನ ಸಲ ಮತ್ತೆ ಬರುತ್ತಿತ್ತು. ಒಂದು ದಿನ ಪಟ್ಟಿ ಸರಿಸಿ ನೋಡಿದೆ. ಪಟ್ಟಿಯಡಿ ಮುಚ್ಚಿದ್ದ ಭಾಗದಲ್ಲಿ ಸೂಜಿ ಚುಚ್ಚಿದಂಥ ಗುಂಡಿಗಳು.

ಅಡುಗೆಮನೆಯ ಪಾತ್ರೆಗೆ ಬಳಸುವ ಸ್ಟೀಲ್ ಹೆಚ್ಚಾಗಿ 304 ಅನ್ನುವ ದರ್ಜೆಯದು. ಸಮುದ್ರಕ್ಕೆ ಬೇಕಾದದ್ದು 316. ಅದರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪು ಕೊರೆಯುವುದನ್ನು ತಡೆಯುವುದು ಅದೇ. ಪಟ್ಟಿಯ ಸಂದಿಯಲ್ಲಿ ಉಪ್ಪು ನೀರು ಒಣಗದೆ ಕೂತರೆ 316 ಕೂಡ ಕಲೆ ಹಿಡಿಯಬಹುದು, ಆದರೆ ತುಂಬ ನಿಧಾನ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ಅನ್ನುವವರ ಮಾತು ನಂಬಬೇಡಿ. 304, 316 ಎರಡೂ ಹೆಚ್ಚುಕಮ್ಮಿ ಒಂದೇ ಥರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಬಗ್ಗಿಸಿದ ಕಡೆ ಎರಡೂ ಸ್ವಲ್ಪ ಅಂಟಬಹುದು. ಗಟ್ಟಿಯಾಗಿ ಅಂಟಿದರೆ ಮಾತ್ರ ಅದು ಎರಡೂ ಅಲ್ಲ ಅಂತ ತಿಳಿಯಿರಿ. ಮೇಲೆ 316 ಅಂತ ಒತ್ತಿರುವುದನ್ನು, ಡೈವಿಂಗ್ ಸಾಮಾನು ಮಾಡುವವರಿಂದಲೇ ತಗೊಳ್ಳುವುದು ಸುಲಭದ ದಾರಿ. ಭುಜಕ್ಕೆ ಬಾಗಿದ ಡಿ-ರಿಂಗು ಒಳ್ಳೆಯದು, ಮೈಗೆ ಚಪ್ಪಟೆಯಾಗಿ ಬೀಳದೆ ಎದ್ದಿರುತ್ತದೆ, ಕೊಕ್ಕೆ ಹಾಕಲು ಬೆರಳು ತಡಕಾಡುವುದಿಲ್ಲ.

ಡಿ-ರಿಂಗು ಸರಿದಾಡಿದರೆ ಹೊಸ ಟ್ರೈಗ್ಲೈಡ್ ಕೊಳ್ಳುವ ಮುಂಚೆ ಸೈಕಲ್ ಅಂಗಡಿಗೆ ಹೋಗಿ. ಹಳೇ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕೊಯ್ದು, ಟ್ರೈಗ್ಲೈಡಿನಡಿ ಪಟ್ಟಿಗೆ ತೊಡಿಸಿದರೆ ಅಲ್ಲಾಡುವುದಿಲ್ಲ. ಟಾರ್ಚ್ ಸಿಕ್ಕಿಸಲೂ ಅದೇ ಬಳೆ.

ಸಿಲಿಂಡರಿನ ಪಟ್ಟಿ

ಇದನ್ನೂ ಜೊತೆಗೇ ಹೇಳಿಬಿಡುತ್ತೇನೆ. ಸಿಲಿಂಡರ್ ಬಿಗಿಯುವ ಪಟ್ಟಿಗೆ ಪ್ಲಾಸ್ಟಿಕ್ ಬಕಲ್ ಸಾಕಾ? ಸಾಕು. ಬಾಡಿಗೆ ಜಾಕೆಟ್‌ಗಳಲ್ಲಿ ಹೆಚ್ಚಾಗಿ ಅದೇ ಇರುವುದು. ಹೊಸಬರು ಪಟ್ಟಿ ತೂರಿಸುವ ಕ್ರಮ ಮರೆಯುತ್ತಾರೆ ಅನ್ನುವುದೇ ತಕರಾರು. ಸ್ಟೀಲಿನದು ಗಟ್ಟಿ, ದುಬಾರಿ, ಅವಸರದಲ್ಲಿ ಬೆರಳು ಕಚ್ಚುತ್ತದೆ. ವರ್ಷಕ್ಕೆ ನಾಲ್ಕಾರು ಡೈವ್ ಮಾಡುವವರು ಇದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಯಾವುದೇ ಇರಲಿ, ಪಟ್ಟಿಯನ್ನು ಮೊದಲು ನೀರಿನಲ್ಲಿ ಅದ್ದಿ ಆಮೇಲೆ ಬಿಗಿಯಿರಿ. ಒಣ ನೈಲಾನ್ ಬಿಗಿದು ಇಳಿದರೆ ಹತ್ತು ನಿಮಿಷಕ್ಕೆ ಅದು ಹಿಗ್ಗಿ ಸಿಲಿಂಡರ್ ಕೆಳಗೆ ಜಾರುತ್ತದೆ. ಬಿಗಿದ ಮೇಲೆ ಪ್ಲೇಟ್ ಹಿಡಿದು ಇಡೀ ಸೆಟ್ ಎತ್ತಿ ಎರಡು ಸಲ ಕುಲುಕಿ. ಸಿಲಿಂಡರ್ ಕದಲಿದರೆ ಬಿಚ್ಚಿ ಮತ್ತೆ ಕಟ್ಟಿ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಕಮ್ಮಿ ಬಜೆಟ್ಟಿನವರು ಒಂದೇ ಪಟ್ಟಿಯ ಹಾರ್ನೆಸ್ ತಗೊಳ್ಳಿ, ಪಟ್ಟಿಯ ಬ್ರಾಂಡು, ಬಣ್ಣ ನೋಡಬೇಡಿ. ಉಳಿದ ದುಡ್ಡನ್ನು 316ರ ಬಕಲ್, ಡಿ-ರಿಂಗಿಗೆ ಹಾಕಿ. ಪಟ್ಟಿ ಸವೆದರೂ ಇವು ಉಳಿಯುತ್ತವೆ. ಸಣ್ಣ ಬೋಟಿನಲ್ಲೇ ನಿಮ್ಮ ಡೈವಿಂಗೆಲ್ಲ ಅಂದರೆ ಎಡ ಭುಜಕ್ಕೊಂದು ಪ್ಲಾಸ್ಟಿಕ್ ಬಕಲ್ ಸೇರಿಸಿ, ಅದರ ಬೆಲೆ ದೊಡ್ಡದಲ್ಲ. ಭುಜದ ನೋವು, ಹಳೇ ಫ್ರಾಕ್ಚರ್ ಇದ್ದವರು ಯಾರ ಮಾತೂ ಕೇಳದೆ ಎರಡೂ ಕಡೆ ಬಕಲ್ ಹಾಕಿಸಿ. ಇಬ್ಬರು ಹಂಚಿಕೊಳ್ಳುವವರು ಸಿಂಚ್‌ನಂಥ ಜಾರುವ ಹಾರ್ನೆಸ್ಸಿಗೆ ದುಡ್ಡು ಕೂಡಿಸಿ. ಪ್ರತಿ ಟ್ರಿಪ್ಪಿಗೂ ಬೋಟಿನಲ್ಲಿ ಕೂತು ಟ್ರೈಗ್ಲೈಡ್ ಸರಿಸುವುದು ಸಂಸಾರಕ್ಕೆ ಒಳ್ಳೆಯದಲ್ಲ.

ಸ್ವಂತ ಜಾಕೆಟ್ ಇದ್ದು ಅದರ ಭುಜದ ಬಕಲ್ ಮಾತ್ರ ಮುರಿದವರಿಗೆ ಇಷ್ಟೆಲ್ಲ ಬೇಕಿಲ್ಲ. ಪಟ್ಟಿಯ ಅಗಲ ಅಳೆಯಿರಿ: 50, 38, 25ರಲ್ಲಿ ಯಾವುದು ಅಂತ. ಮುರಿದ ತುಂಡು ಹೊಲಿಗೆಯೊಳಗೆ ಸೇರಿದೆಯಾ, ಬಿಚ್ಚಿ ತೂರಿಸುವಂತಿದೆಯಾ ನೋಡಿ. ತೂರಿಸುವಂತಿದ್ದರೆ ಅದೇ ಕಂಪನಿಯದು ತರಿಸಿ. ಹೊಲಿದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಬಹುದು, ಆದರೆ ನೂಲು ಹತ್ತಿಯದಾಗಬಾರದು, ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ. ಹತ್ತಿ ನೂಲು ಉಪ್ಪು ನೀರಿನಲ್ಲಿ ಕೊಳೆಯುತ್ತದೆ.

ಇನ್ನು ಕತ್ತರಿಸುವುದು. ಹೊಸ ಹಾರ್ನೆಸ್ ಬಂದ ದಿನವೇ ಉಳಿದ ಪಟ್ಟಿಯನ್ನು ಕತ್ತರಿಸುವ ಚಪಲ ಬರುತ್ತದೆ. ತಡೆಯಿರಿ. ಉದ್ದ ಬಿಟ್ಟ ತುದಿಯನ್ನು ಸೈಕಲ್ ಟ್ಯೂಬಿನ ಬಳೆಯೊಳಗೆ ಮಡಚಿ ಸಿಕ್ಕಿಸಿ ಎರಡು ಡೈವ್ ಮಾಡಿ. ಒದ್ದೆ ಪಟ್ಟಿಯಲ್ಲಿ, ನಿಮ್ಮದೇ ಸೂಟಿನ ಮೇಲೆ ಅಳತೆ ನಿಂತ ಮೇಲೆ ಕತ್ತರಿಸಿ. ನೇರ ಬೇಡ, ಓರೆಯಾಗಿ ಕತ್ತರಿಸಿದರೆ ಬಕಲಿಗೆ ಸುಲಭವಾಗಿ ಹೋಗುತ್ತದೆ. ತುದಿಯನ್ನು ಲೈಟರ್‌ನಿಂದ ಕರಗಿಸಿ, ಬಿಸಿ ಇರುವಾಗಲೇ ಚಮಚದ ಬೆನ್ನಿನಿಂದ ಒತ್ತಿ ಚಪ್ಪಟೆ ಮಾಡಿ. ಹಾಗೇ ಬಿಟ್ಟರೆ ಕರಗಿದ ಅಂಚು ಗಟ್ಟಿಯಾಗಿ ಬ್ಲೇಡಿನಂತೆ ಅಂಗೈ ಗೀರುತ್ತದೆ. ಆಮೇಲೆ ಈಜುಕೊಳದಲ್ಲಿ ಕಣ್ಣು ಮುಚ್ಚಿಕೊಂಡು ಹತ್ತು ಸಲ ಬಿಚ್ಚಿ, ಹತ್ತು ಸಲ ಹಾಕಿ. ಎಡ ಮೊಣಕೈ ಒಮ್ಮೆಯಾದರೂ ಸಿಕ್ಕಿಕೊಂಡರೆ ಭುಜದ ಪಟ್ಟಿಯನ್ನು ಇನ್ನೂ ಒಂದು ಬೆರಳು ಸಡಿಲಿಸಿ.